ಎಕ್ಸ್ ಎಂದರೆ ನೂರೈವತ್ತು

ತಿ. ನರಸೀಪುರದಲ್ಲಿ ಲಗೇಜ್ ಆಟೋ ಓಡಿಸುವ ಬಸವೇಶನಿಗೆ ಆ ಶನಿವಾರ ಒದಗಿದ ಫಜೀತಿಗೆಲ್ಲ ಮೂಲ, ಹಿಂದಿನ ಸೋಮವಾರ ಅವನ ಮೊಬೈಲಿಗೆ ಬಂದ ಒಂದು ಮೆಸೇಜು. ಅದರ ಮೊದಲ ಸಾಲು ಹೀಗಿತ್ತು: ಒಬ್ಬಟ್ಟು = 2x + 50. ಕೆಳಗೆ ಇನ್ನೊಂದು ಸಾಲೂ ಇತ್ತು. ಆದರೆ ಎಕ್ಸ್ ಕಣ್ಣಿಗೆ ಬಿದ್ದ ಕೂಡಲೇ ಮುಂದೆ ಓದುವುದನ್ನು ನಿಲ್ಲಿಸಿಬಿಡುವುದು ಬಸವೇಶನಿಗೆ ಎಂಟನೇ ಕ್ಲಾಸಿನಿಂದ ಬಂದ ಅಭ್ಯಾಸ.

ಮೆಸೇಜು ಕಳಿಸಿದವನು ಸಿದ್ಧಾರ್ಥ. ಹೈಸ್ಕೂಲಿನಲ್ಲಿ ಬಸವೇಶನ ಪಕ್ಕದಲ್ಲೇ ಕೂರುತ್ತಿದ್ದವನು, ಈಗ ಮೈಸೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಅವರಿಬ್ಬರಿಗೂ ಲೆಕ್ಕ ಕಲಿಸಿದ ಮಂಗಳಮ್ಮ ಟೀಚರ್ ಮೂವತ್ತಮೂರು ವರ್ಷದ ಸರ್ವೀಸು ಮುಗಿಸಿ ರಿಟೈರ್ ಆಗಿದ್ದರು. ನಂಜನಗೂಡಿನ ಒಂದು ಸಮುದಾಯ ಭವನದಲ್ಲಿ ಹಳೇ ವಿದ್ಯಾರ್ಥಿಗಳಿಂದ ಅವರಿಗೆ ಸನ್ಮಾನ, ಆಮೇಲೆ ಊಟ. ಉಳಿದ ಅಡುಗೆಯೆಲ್ಲ ಭವನದಲ್ಲೇ. ಒಬ್ಬಟ್ಟು ಮಾತ್ರ ತಿ. ನರಸೀಪುರದ ಚನ್ನಾಜಮ್ಮನ ಕೈಯದೇ ಆಗಬೇಕೆಂದು ತೀರ್ಮಾನವಾಗಿತ್ತು. ಮಾಡಿಸಿ ತರುವ ಜವಾಬ್ದಾರಿಯನ್ನು ಬಸವೇಶ ತಾನಾಗಿಯೇ ಕೇಳಿ ಪಡೆದಿದ್ದ.

ಕೇಳಿ ಪಡೆಯುವುದಕ್ಕೆ ಕಾರಣವಿತ್ತು. ಎಂಟನೇ ಕ್ಲಾಸಿನಲ್ಲಿ ಒಂದು ದಿನ ಟೀಚರ್ ಅವನನ್ನು ಬೋರ್ಡಿಗೆ ಕರೆದು, ಎಕ್ಸ್ ಐದಾದರೆ ಮೂರು ಎಕ್ಸ್ ಎಷ್ಟು ಎಂದು ಕೇಳಿದ್ದರು. ಬಸವೇಶ ಎಕ್ಸ್ ಅನ್ನು ನೀಟಾಗಿ ಒರೆಸಿ ಆ ಜಾಗದಲ್ಲಿ ಐದು ಬರೆದ. ಮೂರರ ಪಕ್ಕ ಐದು, ಮೂವತ್ತೈದು. ಅವತ್ತಿನಿಂದ ಅವನ ಹೆಸರೇ ಮೂವತ್ತೈದು. ಎಸ್ಸೆಸ್ಸೆಲ್ಸಿ ಪಾಸಾಗಲು ಬೇಕಾಗುವ ಅಂಕವೂ ಅಷ್ಟೇ ಆದ್ದರಿಂದ ಹೊಸಬರು ಅದನ್ನು ಅವನ ಮಾರ್ಕ್ಸ್ ಎಂದುಕೊಳ್ಳುತ್ತಿದ್ದರು, ಅವನೂ ತಿದ್ದಲು ಹೋಗುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಕಳೆದರೂ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರೂ ಅವನನ್ನು ಬಸವೇಶ ಎನ್ನುತ್ತಿರಲಿಲ್ಲ. ಬೇಸರವಾಗಿ ಆ ಗುಂಪನ್ನು ತೆರೆದು ನೋಡುವುದನ್ನೇ ಅವನು ಬಿಟ್ಟಿದ್ದ. ಟೀಚರ್ ರಿಟೈರ್ ಆದ ಮೇಲಾದರೂ ಅವರ ಕಣ್ಣೆದುರು ಒಂದು ಕೆಲಸವನ್ನು ತಪ್ಪಿಲ್ಲದೆ ಮಾಡಿ ತೋರಿಸಬೇಕೆಂಬುದು ಅವನ ಆಸೆ.

ಎಕ್ಸ್ ಎಷ್ಟೆಂದು ಕವನಳನ್ನು ಕೇಳು ಎಂದು ಸಿದ್ಧಾರ್ಥ ಫೋನಿನಲ್ಲಿ ಹೇಳಿದ್ದ. ಕವನ ನಂಜನಗೂಡಿನವಳು, ಬರುವವರ ಪಟ್ಟಿ ಅವಳ ಬಳಿ ಇತ್ತು. ಬಸವೇಶ ಅವಳಿಗೆ ಫೋನ್ ಮಾಡಿ ಎಕ್ಸ್ ಎಷ್ಟು ಎಂದಷ್ಟೇ ಕೇಳಿದ. ಅವಳು ಯಾವುದೋ ಅವಸರದಲ್ಲಿದ್ದಳು, ನೂರೈವತ್ತು ಎಂದು ಹೇಳಿ ಇಟ್ಟಳು. ಎಕ್ಸ್ ಎಂದರೆ ಏನು ಎಂದು ಅವನು ಕೇಳಲಿಲ್ಲ, ಶಾಲೆಯಲ್ಲೂ ಕೇಳಿರಲಿಲ್ಲ. ಒಂದು ಚೀಟಿಯಲ್ಲಿ ಲೆಕ್ಕ ಇಳಿಸಿಕೊಂಡು, ಎಕ್ಸ್ ಹೊಡೆದು ಹಾಕಿ, ಆ ಜಾಗಕ್ಕೆ ನೂರೈವತ್ತು ಬರೆದ. ಎರಡರ ಪಕ್ಕ ನೂರೈವತ್ತು ಕೂತು ಎರಡು ಸಾವಿರದ ನೂರೈವತ್ತಾಯಿತು. ಅದಕ್ಕೆ ಐವತ್ತು ಸೇರಿಸಿದ. ಐವತ್ತು ಸೇರಿಸಿದ್ದು ಸರಿಯಾಗಿತ್ತು.

ಎರಡು ಸಾವಿರದ ಇನ್ನೂರು ಎಂದಾಗ ಚನ್ನಾಜಮ್ಮ ಇನ್ನೊಂದು ಸಲ ಕೇಳಿದಳು. ಅವನು ಇನ್ನೊಂದು ಸಲವೂ ಅಷ್ಟೇ ಗಟ್ಟಿಯಾಗಿ ಹೇಳಿದ.

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಬಸವೇಶ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಆಟೋ ತಂದು ಚನ್ನಾಜಮ್ಮನ ಮನೆ ಮುಂದೆ ನಿಲ್ಲಿಸಿದ. ಜೊತೆಗೆ ಪಕ್ಕದ ಮನೆಯ ಮದನ್ ಇದ್ದ. ಮದನ್‌ಗೆ ಮೊಬೈಲ್ ರಿಪೇರಿ ಅಂಗಡಿಯಿತ್ತು, ಆದರೆ ಊಟವಿದೆ ಎಂದು ಗೊತ್ತಾದ ದಿನ ಅಂಗಡಿಗೆ ಬಾಗಿಲು. ಒಳಗೆ ಹೋಗಿ ನೋಡಿದರೆ ಒಬ್ಬಟ್ಟಿನ ತಟ್ಟೆಗಳು ಪಡಸಾಲೆ ತುಂಬಿ, ಮಂಚ ಹತ್ತಿ, ಟಿವಿಯ ಮೇಲೂ ಕೂತಿದ್ದವು. ಎರಡು ದಿನದಿಂದ ತಟ್ಟುತ್ತಿದ್ದ ಎಂಟು ಜನ ಹೆಂಗಸರು ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡು ಗೋಡೆಗೊರಗಿದ್ದರು.

ಚನ್ನಾಜಮ್ಮನ ಸೊಸೆ ಶಿವಾನಿ ಬಿ.ಎಡ್. ಓದುತ್ತಿದ್ದಳು. ಇಷ್ಟೊಂದು ಒಬ್ಬಟ್ಟು ಎಷ್ಟು ಜನಕ್ಕೆ ಎಂದು ಅವಳು ಸುಮ್ಮನೆ ಕುತೂಹಲಕ್ಕೆ ಕೇಳಿದಳು.

“ಜನ ಗೊತ್ತಿಲ್ಲ ಕಣಮ್ಮ. ಎಕ್ಸು ನೂರೈವತ್ತು” ಎಂದ ಬಸವೇಶ.

ಶಿವಾನಿ ಅವನ ಮೊಬೈಲು ಇಸಿದುಕೊಂಡು ಮೆಸೇಜಿನ ಎರಡನೇ ಸಾಲನ್ನು ಜೋರಾಗಿ ಓದಿದಳು. ಎಕ್ಸ್ ಎಂದರೆ ಊಟಕ್ಕೆ ಬರುವವರ ಸಂಖ್ಯೆ; ತಲೆಗೆ ಎರಡು, ಮೇಲೆ ಐವತ್ತು. ಓದಿ ಮಂಚದ ಮೇಲಿದ್ದ ಒಂದು ತಟ್ಟೆ ಸರಿಸಿ ಕೂತಳು.

“ಎಕ್ಸ್ ಜಾಗಕ್ಕೆ ನೂರೈವತ್ತನ್ನ ಆದೇಶಿಸಿದ್ರೆ, ಅಂದ್ರೆ ಎಕ್ಸ್ ತೆಗೆದು ಅದನ್ನ ಹಾಕಿದ್ರೆ, ಎರಡು ನೂರೈವತ್ತಲಿ ಮುನ್ನೂರು ಅಣ್ಣ. ಐವತ್ತು ಸೇರಿದ್ರೆ ಮುನ್ನೂರೈವತ್ತು.”

“ನಾನೂ ಅದೇ ಜಾಗಕ್ಕೇ ಆಕಿದ್ನಲ್ಲಮ್ಮ.”

“ಹಾಕಿದ್ದೀರ. ಗುಣಿಸಿಲ್ಲ.”

“ಗುಣ್ಸು ಅಂತ ಎಲ್ಲಿ ಬರ್ದದೆ?”

“ಬರೆಯಲ್ಲ ಅಣ್ಣ. ಬರೀದಿದ್ರೂ ಗುಣಿಸ್ಬೇಕು.”

ಬರೆಯದೆ ಇದ್ದದ್ದನ್ನು ಓದಲಿಲ್ಲವೆಂದು ತಾನು ಇಪ್ಪತ್ತೈದು ವರ್ಷ ಮೂವತ್ತೈದು ಎನ್ನಿಸಿಕೊಂಡೆ ಎಂಬುದು ಬಸವೇಶನಿಗೆ ಅವತ್ತು ತಿಳಿಯಿತು. ನೂರೈವತ್ತು ಜನಕ್ಕೆ ಎರಡು ಸಾವಿರದ ಇನ್ನೂರು ಒಬ್ಬಟ್ಟು ಹೊತ್ತು ಹೋದರೆ ಮುಂದಿನ ಇಪ್ಪತ್ತೈದು ವರ್ಷ ಏನೆನ್ನಿಸಿಕೊಳ್ಳಬೇಕಾಗುತ್ತದೆ ಎಂಬುದೂ ತಿಳಿಯಿತು. ಹರಿಯುವ ನೀರಲ್ಲಿ ಚಪ್ಪಲಿ ಬಿಟ್ಟುಕೊಂಡವನ ಹಾಗೆ ಅವನು ತಟ್ಟೆಗಳನ್ನೇ ನೋಡುತ್ತ ನಿಂತ. ಸಿದ್ಧಾರ್ಥನಿಗೋ ಕವನಳಿಗೋ ಒಂದು ಫೋನ್ ಮಾಡಿ ಹೇಳಿಬಿಡಿ ಎಂದು ಶಿವಾನಿ ಹೇಳಿದಳು. ಅದೊಂದು ಬಿಟ್ಟು ಬೇರೇನು ಬೇಕಾದರೂ ಮಾಡುತ್ತೇನೆ ಎಂದ ಬಸವೇಶ.

ಬೇರೇನು ಮಾಡಬೇಕೆಂದು ಮದನ್ ಹೇಳಿಕೊಟ್ಟ. ನಂಜನಗೂಡಿನವರೆಗೆ ದಾರಿಯುದ್ದಕ್ಕೂ ಜನ ಇದ್ದಾರೆ. ಹಂಚಿಕೊಂಡು ಹೋಗುವುದು, ಭವನದ ಮುಂದೆ ನಿಲ್ಲುವಾಗ ಬೇಕಾದಷ್ಟೇ ಇರುವಂತೆ ನೋಡಿಕೊಳ್ಳುವುದು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬೇಕಾದಷ್ಟು ಎಂದರೆ ಎಷ್ಟು ಎಂಬುದರಲ್ಲಿ ಮದನ್‌ಗೆ ತನ್ನದೇ ಅಭಿಪ್ರಾಯವಿತ್ತು. ಲೆಕ್ಕದಲ್ಲಿ ಕಣ್ಣಿಗೆ ಕಾಣುವುದು ಕೂಡುವ ಗುರುತು ಒಂದೇ, ಆದ್ದರಿಂದ ಎರಡು, ನೂರೈವತ್ತು, ಐವತ್ತು ಎಲ್ಲವನ್ನೂ ಕೂಡಬೇಕು. ಇನ್ನೂರ ಎರಡು ಒಬ್ಬಟ್ಟು ಸಾಕು ಎಂದ.

ಇವರು ಮಾತಾಡುತ್ತಿರುವಾಗಲೇ ಚನ್ನಾಜಮ್ಮ ತಟ್ಟೆಗಳನ್ನು ಆಟೋಗೆ ಏರಿಸತೊಡಗಿದ್ದಳು.

“ಬೇಯ್ಸಿದ್ದು ಬೇಯ್ಸಾಯ್ತು ಕಣಪ್ಪ. ಎಷ್ಟಾರ ಆಗ್ಲಿ, ತಕ್ಕೊಂಡೋಗು. ನನ್ ಮನೇಲಿ ಕಾಲಿಡಕ್ಕೆ ಜಾಗ್ವಿಲ್ಲ” ಎಂದಳು.

ಮೊದಲು ಬಸ್ ಸ್ಟ್ಯಾಂಡು. ಬಿಟ್ಟಿ ಒಬ್ಬಟ್ಟು ಕೊಡುವುದು ಇಷ್ಟು ಕಷ್ಟದ ಕೆಲಸ ಎಂದು ಬಸವೇಶನಿಗೆ ಗೊತ್ತಿರಲಿಲ್ಲ. ಕೈ ಚಾಚುವ ಮೊದಲು ಒಬ್ಬೊಬ್ಬರೂ ಯಾರ ತಿಥಿ ಎಂದು ಕೇಳಿದರು. ತಿಥಿಯಲ್ಲ ಎಂದರೆ ಮಗುವಿನ ನಾಮಕರಣವೋ ಎಂದರು. ಅದೂ ಅಲ್ಲ ಎಂದಾಗ, ಕಟ್ಟೆಯ ಮೇಲೆ ಕೂತಿದ್ದ ಬೆಟ್ಟಯ್ಯನೆಂಬ ಮುದುಕ ವಿಷಯ ಬಗೆಹರಿಸಿದ. ಪಂಚಾಯ್ತಿ ಎಲೆಕ್ಷನ್ನಿಗೆ ಯಾವ ಗುರುತಿನಲ್ಲಿ ನಿಂತಿದ್ದೀಯ ಎಂದು ಕೇಳಿದ. ನಿಂತಿಲ್ಲ ಎಂದು ಬಸವೇಶ ಹೇಳಿದ್ದನ್ನು ಯಾರೂ ನಂಬಲಿಲ್ಲ. ಎಲೆಕ್ಷನ್ ಎಂದ ಮೇಲೆ ಜನಕ್ಕೆ ಸಂಕೋಚ ಹೋಯಿತು. ತಲೆಗೆ ನಾಲ್ಕರಂತೆ ನಾನೂರು ಒಬ್ಬಟ್ಟು ಕಾಲು ಗಂಟೆಯಲ್ಲಿ ಖಾಲಿ. ಬೆಟ್ಟಯ್ಯ ತನ್ನ ಮನೆಯಲ್ಲಿ ಐದು ವೋಟಿದೆ, ಸೊಸೆಯದು ಮಾತ್ರ ಗ್ಯಾರಂಟಿ ಇಲ್ಲ ಎಂದು ಹೇಳಿ ಕಳಿಸಿದ.

ಊರು ದಾಟಿ ತಗಡೂರಿನ ಕಡೆಗೆ ಹೊರಳಿದಾಗ ರಸ್ತೆ ಪಕ್ಕದ ಗದ್ದೆಯಲ್ಲಿ ಇಪ್ಪತ್ತೈದು ಹೆಂಗಸರು ನಾಟಿ ಮಾಡುತ್ತಿದ್ದರು. ಬಸವೇಶ ಬದುವಿನ ಮೇಲೆ ನಿಂತು ಕೂಗಿದ. ಅವರ ಮುಂದಾಳು ಮಹದೇವಮ್ಮ ಕೆಸರು ಕೈ ತೊಳೆದುಕೊಂಡು ಬಂದು, ಒಬ್ಬಟ್ಟನ್ನು ಮೂಸಿ ನೋಡಿ, ಹಳಸಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಮನೆಗೂ ಇರಲಿ ಎಂದು ತಲೆಗೆ ಹತ್ತರಂತೆ ಇನ್ನೂರೈವತ್ತು ಎಣಿಸಿದಳು. ಎಣಿಸಿದ ಮೇಲೆ ಯಾಕೆ ಹಂಚುತ್ತಿದ್ದೀಯ ಎಂದು ವಿಚಾರಿಸಿದಳು. ಬಸವೇಶ ಎಕ್ಸಿನ ಕತೆಯನ್ನು ಆದಷ್ಟು ಬಿಡಿಸಿ ಹೇಳಿದ. ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಹೆಸರಿಡುತ್ತಾರೆ, ಆಮೇಲೆ ಅದನ್ನು ತೆಗೆದು ಅಲ್ಲಿಗೆ ಗೊತ್ತಿರುವ ಸಂಖ್ಯೆ ಹಾಕುತ್ತಾರೆ ಎಂದ.

“ಗೊತ್ತಿಲ್ದೆ ಇರದ್ಕೆ ಎಸ್ರು ಯಾಕಪ್ಪ ಮಡ್ಗಬೇಕು? ಗೊತ್ತಿರೋರ್ನ ಒಂದ್ ಮಾತು ಕೇಳುದ್ರೆ ಆಯ್ತಿರ್ಲಿಲ್ವಾ?” ಎಂದಳು ಮಹದೇವಮ್ಮ.

ಬಸವೇಶ ಮೊಬೈಲು ತೆಗೆದ, ಕವನಳ ಹೆಸರಿನವರೆಗೂ ಹೋದ, ಮತ್ತೆ ಜೇಬಿಗೆ ಹಾಕಿಕೊಂಡ.

ಮುಂದಿನ ಊರಿನ ಶಾಲೆಯಲ್ಲಿ ಮಕ್ಕಳು ಇನ್ನೂ ಇದ್ದರು. ಇಲ್ಲಿ ಕೆಲಸ ಸಲೀಸು ಎಂದುಕೊಂಡು ಗೇಟಿನೊಳಗೆ ಆಟೋ ತಂದರೆ, ಹೆಡ್‌ಮೇಷ್ಟ್ರು ಗೋವಿಂದಯ್ಯ ಎರಡೂ ಕೈ ಅಗಲಿಸಿ ಅಡ್ಡ ನಿಂತರು. ಹೊರಗಿನ ತಿಂಡಿ ಮಕ್ಕಳಿಗೆ ಕೊಡಬೇಕಾದರೆ ಮೇಲಿನಿಂದ ಆದೇಶ ಬೇಕು ಎಂದರು.

“ಆದೇಶ ಆಗೋಗದೆ ಸಾ. ಎಕ್ಸ್ ಜಾಗಕ್ಕೆ ನೂರೈವತ್ತು” ಎಂದ ಬಸವೇಶ.

ಯಾವ ಕಚೇರಿಯಿಂದ, ನಂಬರೆಷ್ಟು, ತಾರೀಖೇನು ಎಂದು ಗೋವಿಂದಯ್ಯ ಕೇಳಿದರು. ಬಸವೇಶ ಚೀಟಿ ಕೊಟ್ಟ. ಅವರು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು. ತಮಗೆ ತಿಳಿದದ್ದು ಎರಡೇ ಆದೇಶ, ಒಂದು ಸರ್ಕಾರದ್ದು, ಇನ್ನೊಂದು ವ್ಯಾಕರಣದ ಆದೇಶ ಸಂಧಿ, ಈ ಮೂರನೆಯದು ಎಲ್ಲಿಂದ ಬಂತು ಎಂದು ಚೀಟಿಯನ್ನು ತಿರುಗಿಸಿ ನೋಡಿದರು. ಗಣಿತದ್ದು ಎಂದು ಗೊತ್ತಾದಾಗ ಒಬ್ಬಟ್ಟು ಇಳಿಸಿಕೊಳ್ಳಲು ಒಪ್ಪದಿದ್ದರೂ ಲೆಕ್ಕ ತಿದ್ದಲು ಒಪ್ಪಿದರು. ಐವತ್ತನ್ನೂ ಎಕ್ಸಿನ ಜೊತೆ ಆವರಣದೊಳಗೆ ಕೂರಿಸಿ, ಇನ್ನೂರನ್ನು ಎರಡರಿಂದ ಗುಣಿಸಿ, ನಾನೂರು ಎಂದು ಬರೆದು ಅಡಿಗೆ ಕೆಂಪು ಇಂಕಿನಲ್ಲಿ ಸಹಿ ಹಾಕಿದರು.

ಈಗ ಬಸವೇಶನ ಬಳಿ ಮೂರು ಉತ್ತರಗಳಿದ್ದವು. ಶಿವಾನಿಯದು ಮುನ್ನೂರೈವತ್ತು, ಮದನ್‌ದು ಇನ್ನೂರ ಎರಡು, ಹೆಡ್‌ಮೇಷ್ಟ್ರದು ಸಹಿ ಸಮೇತ ನಾನೂರು. ಗಾಡಿ ಓಡಿಸುತ್ತಲೇ ಅವನು ಬಾಯಲ್ಲಿ ಮೂರನ್ನೂ ಹೇಳಿಕೊಂಡ. ಒಂದೊಂದನ್ನು ಹೇಳಿಕೊಳ್ಳುವಾಗಲೂ ಅದೇ ಸರಿ ಎನ್ನಿಸಿತು. ಎದುರಿಗೆ ಬಂದ ಬಸ್ಸಿನ ನಂಬರನ್ನೂ ಯಾವುದರಿಂದಲಾದರೂ ಗುಣಿಸಬೇಕೇನೋ ಎಂದು ಭ್ರಮೆಯಾಗಿ ಒಂದು ಕ್ಷಣ ಬ್ರೇಕ್ ಹಾಕಿದ. ಕೊನೆಗೆ, ಗುಣಿಸುವುದನ್ನು ಕಾಲೇಜಿನಲ್ಲಿ ಓದುತ್ತಿರುವವಳು ಶಿವಾನಿ ಒಬ್ಬಳೇ ಎಂದು ಮುನ್ನೂರೈವತ್ತಕ್ಕೆ ಗಟ್ಟಿಯಾದ. ಅದಕ್ಕೆ ಮದನ್ ಮುಖ ಊದಿಸಿಕೊಂಡ.

ತಗಡೂರು ಬಿಟ್ಟು ಸ್ವಲ್ಪ ದೂರದಲ್ಲಿ ಆಲದ ಮರದ ಕೆಳಗೆ ಬಿಳಿ ಪಂಚೆಗಳು ಕಂಡವು. ನಂಜುಂಡೇಶ್ವರನ ದರ್ಶನಕ್ಕೆ ನಡೆದುಕೊಂಡು ಹೊರಟಿದ್ದ ಮುನ್ನೂರು ಜನ ದಣಿದು ಕೂತಿದ್ದರು. ಅವರ ತಿಂಡಿಯ ಗಾಡಿ ಎಲ್ಲೋ ಕೆಟ್ಟು ನಿಂತಿತ್ತು. ತಂಡದ ಹಿರಿಯರಾದ ಶಂಭುಲಿಂಗಪ್ಪನವರಿಗೆ ಆಟೋದಲ್ಲಿ ಏನಿದೆಯೆಂದು ತಿಳಿದಾಗ ಕಣ್ಣಲ್ಲಿ ನೀರು ಬಂತು. ತಿಥಿಯೋ ಎಲೆಕ್ಷನ್ನೋ ಎಂದು ಅವರು ಕೇಳಲಿಲ್ಲ, ಕಳಿಸಿದವನು ಯಾರೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ತಲೆಗೆ ನಾಲ್ಕರಂತೆ ಸಾವಿರದ ಇನ್ನೂರು ಒಬ್ಬಟ್ಟು ಅಲ್ಲಿ ಇಳಿಯಿತು. ಹಸಿದವರು ತಿನ್ನುವುದನ್ನು ನೋಡುತ್ತ ನಿಂತ ಬಸವೇಶನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಗಿ ಬಂತು. ಉಳಿದ ತಟ್ಟೆಗಳನ್ನು ಅವನೇ ಎರಡು ಸಲ ಎಣಿಸಿದ. ಒಂದೂ ಹೆಚ್ಚಿಲ್ಲದೆ, ಒಂದೂ ಕಮ್ಮಿಯಿಲ್ಲದೆ ಮುನ್ನೂರೈವತ್ತು.

ಹನ್ನೆರಡೂವರೆಗೆ ನಂಜನಗೂಡು ಸೇರಿದರೆ ಭವನದ ರಸ್ತೆಯಲ್ಲಿ ಆಟೋ ನುಗ್ಗಿಸಲು ಜಾಗವಿಲ್ಲ. ಬೈಕುಗಳು ಎರಡೂ ಕಡೆ ಸಾಲುಗಟ್ಟಿದ್ದವು, ಮೂರು ಬಸ್ಸು ಬೇರೆ ನಿಂತಿದ್ದವು. ಪಕ್ಕದಲ್ಲಿ ಯಾರದೋ ಮದುವೆಯಿರಬೇಕು ಎಂದ ಮದನ್. ಅಡುಗೆಮನೆಯ ಬಾಗಿಲಿಗೆ ಗಾಡಿ ಹಚ್ಚಿ ಬಸವೇಶ ಒಳಗೆ ಇಣುಕಿದ. ಕುರ್ಚಿ ಸಾಲದೆ ಜನ ಗೋಡೆಯುದ್ದಕ್ಕೂ ನಿಂತಿದ್ದರು. ಕವನ ಸೀರೆ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು.

“ಬಂದ್ಯಾ ಬಸವೇಶ. ಟೀಚರ್ ಆಗ್ಲಿಂದ ನಿನ್ನೇ ಕೇಳ್ತಿದ್ರು.”

ಮೂವತ್ತೈದು ಎನ್ನದೆ ಅವಳು ಬಸವೇಶ ಎಂದದ್ದೇ ಅವನಿಗೆ ಅನುಮಾನ ತಂದಿತು. ನೂರೈವತ್ತು ಜನ ಇಷ್ಟು ಕಾಣುತ್ತಾರೆಯೇ ಎಂದು ಮೆಲ್ಲಗೆ ಕೇಳಿದ.

“ನೂರೈವತ್ತು ಸೋಮವಾರದ ಎಕ್ಸ್ ಕಣೋ, ಬರೀ ನಮ್ಮ ಬ್ಯಾಚಿಂದು. ಆಮೇಲೆ ಮೂವತ್ತಮೂರು ಬ್ಯಾಚಿನೋರೂ ಬರ್ತೀವಿ ಅಂದ್ರಲ್ಲ. ಬುಧವಾರ ಎಕ್ಸ್ ಸಾವಿರದ ಎಪ್ಪತ್ತೈದು ಅಂತ ಗುಂಪಲ್ಲಿ ಹಾಕ್ದೆ.”

“ಎಕ್ಸು ಬದಲಾಗ್ತದಾ?”

“ಬದಲಾಗುತ್ತೆ. ಅದಕ್ಕೇ ತಾನೆ ಅದನ್ನ ಚರಾಕ್ಷರ ಅನ್ನೋದು.”

ಗುಂಪಿನಲ್ಲಿ ಅವನ ಉತ್ತರವೇ ಬರದಿದ್ದಾಗ ಅವಳಿಗೆ ಭಯವಾಗಿತ್ತಂತೆ. ಗುರುವಾರ ನೇರವಾಗಿ ಚನ್ನಾಜಮ್ಮನ ಮನೆಗೇ ಫೋನ್ ಮಾಡಿದಳಂತೆ. ಚನ್ನಾಜಮ್ಮನ ಕೈಯೆಲ್ಲ ಹೂರಣ. ತಟ್ಟುವವರಲ್ಲಿ ಒಬ್ಬಳಾದ ಚಿಕ್ಕಬಸಮ್ಮ ಫೋನ್ ಎತ್ತಿ, ಎರಡು ಸಾವಿರದ ಇನ್ನೂರು ಆಗುತ್ತಿದೆ ಎಂದು ಹೇಳಿ ಇಟ್ಟಿದ್ದಳು. ಕವನ ಕೂತು ಲೆಕ್ಕ ಹಾಕಿ ನೋಡಿದರೆ ಕರಾರುವಾಕ್ಕು. ಸಾವಿರದ ಎಪ್ಪತ್ತೈದರ ಎರಡರಷ್ಟು, ಮೇಲೆ ಐವತ್ತು. ಸಂತೋಷ ತಡೆಯಲಾರದೆ ಅವತ್ತೇ ಟೀಚರ್‌ಗೂ ಹೇಳಿಬಿಟ್ಟಿದ್ದಳು.

ಬಸವೇಶ ಬಾಯಿ ತೆರೆದ. ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೇಳಿಸಿತು. ಸಿದ್ಧಾರ್ಥ ಬಂದು ಕೈ ಹಿಡಿದು ಎಳೆದುಕೊಂಡು ಹೋಗಿ ವೇದಿಕೆ ಹತ್ತಿಸಿದ. ಕೊರಳು ತುಂಬ ಹಾರ ಹಾಕಿಕೊಂಡಿದ್ದ ಮಂಗಳಮ್ಮ ಟೀಚರ್ ಎದ್ದು ನಿಂತು ಅವನ ಹೆಗಲ ಮೇಲೆ ಕೈಯಿಟ್ಟರು. ಮೂವತ್ತಮೂರು ವರ್ಷದಲ್ಲಿ ಲೆಕ್ಕ ಹತ್ತಿದ ಮಕ್ಕಳನ್ನು ಬಹಳ ಕಂಡಿದ್ದೇನೆ, ಹತ್ತದ ಈ ಒಬ್ಬ ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದ; ಕಲಿಸುವುದರಲ್ಲಿ ನನ್ನದೇ ತಪ್ಪಿತ್ತೋ ಏನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ ಎಂದರು. ಟೀಚರ್ ಮೈಕನ್ನು ಅವನ ಬಾಯಿಗೆ ಹಿಡಿದರು.

“ಹೇಗೆ ಮಾಡ್ದೆ, ಎಲ್ಲರಿಗೂ ಹೇಳಪ್ಪ. ಎಕ್ಸ್ ಸಾವಿರದ ಎಪ್ಪತ್ತೈದು.”

ಬಸವೇಶನ ಶರ್ಟು ಬೆನ್ನಿಗೆ ಅಂಟಿತ್ತು. ನಿಜ ಹೇಳಿಬಿಡೋಣ ಎಂದು ಅವರ ಮುಖ ನೋಡಿದ. ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಪಕ್ಕ ನಿಂತು ಕಾಯುತ್ತಿದ್ದಾಗ ಇದ್ದ ಮುಖವೇ, ಕೂದಲು ಮಾತ್ರ ಬೆಳ್ಳಗಾಗಿತ್ತು.

“ಎರಡ್ನ ಎಕ್ಸಿಂದ ಗುಣಿಸ್ಬೇಕು ಟೀಚರ್. ಬರ್ದಿಲ್ದಿದ್ರೂ ಗುಣಿಸ್ಬೇಕು. ಎರಡು ಸಾವಿರದ ನೂರೈವತ್ತು. ಐವತ್ತು ಸೇರಿದ್ರೆ ಎರಡು ಸಾವಿರದ ಇನ್ನೂರು.”

ಭವನ ಬಿರಿಯುವಂತೆ ಚಪ್ಪಾಳೆ ಬಿತ್ತು. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಪ್ಪತ್ತೈದು ವರ್ಷದಿಂದ ಬಸವೇಶ ಬಯಸಿದ್ದು ಇದೇ ಚಪ್ಪಾಳೆ. ಬಂದಾಗ ಅದು ಬೇರೆ ಯಾರದೋ ಮೆರವಣಿಗೆಯ ಕುದುರೆ ಮೇಲೆ ತನ್ನನ್ನು ಕೂರಿಸಿದ ಹಾಗಿತ್ತು, ಇಳಿಯುವುದು ಹೇಗೆಂದು ತಿಳಿಯಲಿಲ್ಲ. ಇಳಿಸಿದವರು ಟೀಚರೇ. ಎಲ್ಲರೂ ಊಟಕ್ಕೆ ಏಳಿ, ತಲೆಗೆ ಎರಡೆರಡು ಒಬ್ಬಟ್ಟಿದೆ, ಯಾರೂ ಒಂದಕ್ಕೇ ಸಾಕೆನ್ನಬಾರದು ಎಂದು ಮೈಕಿನಲ್ಲಿ ಹೇಳಿದರು.

ಬಸವೇಶ ಅಡುಗೆಮನೆಗೆ ಓಡಿದ. ಮದನ್ ಆಗಲೇ ತಟ್ಟೆಗಳನ್ನು ಎದುರಿಗಿಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಒಂದು ಒಬ್ಬಟ್ಟನ್ನು ಮೂರು ಮಾಡಿದರೆ ಸಾವಿರದ ಐವತ್ತು ತುಂಡು, ಇಪ್ಪತ್ತೈದು ಜನಕ್ಕೆ ಇಲ್ಲ. ನಾಲ್ಕು ಮಾಡಿದರೆ ಸಾವಿರದ ನಾನೂರು, ಎಲ್ಲರಿಗೂ ಆಗುತ್ತದೆ. ಬಸವೇಶ ಇದನ್ನು ಬೆರಳು ಮಡಿಸದೆ, ಚೀಟಿಯಿಲ್ಲದೆ, ನಿಂತ ನಿಲುವಿನಲ್ಲೇ ಲೆಕ್ಕ ಹಾಕಿದ್ದನ್ನು ಯಾರೂ ಗಮನಿಸಲಿಲ್ಲ. ಭಟ್ಟರಿಂದ ಚಾಕು ಇಸಿದುಕೊಂಡು ಕೊಯ್ಯತೊಡಗಿದ.

ಮೊದಲ ಪಂಕ್ತಿಯ ಮೊದಲ ಎಲೆ ಟೀಚರದು. ಬಸವೇಶ ತಾನೇ ಬಡಿಸಿದ. ಎಲೆಯ ತುದಿಯಲ್ಲಿ ಬಂದು ಕೂತ ಮೂರು ಮೂಲೆಯ ಸಣ್ಣ ತುಂಡನ್ನು ಟೀಚರ್ ಕನ್ನಡಕ ಏರಿಸಿ ನೋಡಿದರು. ಪಕ್ಕದ ಎಲೆ ನೋಡಿದರು. ಅದರ ಪಕ್ಕದ್ದನ್ನೂ ನೋಡಿದರು.

“ತಲೆಗೆ ಎರಡು ಅಲ್ವಾ ಬಸವೇಶ. ಇದೇನಪ್ಪ?”

ಬಸವೇಶ ತಟ್ಟೆಯನ್ನು ಎದೆಗೆ ಅವಚಿಕೊಂಡ.

“ಭಿನ್ನರಾಶಿ, ಟೀಚರ್.”

ಟೀಚರ್ ಆ ಕಾಲು ಒಬ್ಬಟ್ಟನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ನುಂಗಿ, ನೀರು ಕುಡಿದು, ಊಟವಾದ ಮೇಲೆ ಸ್ಟಾಫ್ ರೂಮಿಗೆ ಬಾ ಎಂದರು. ಅವರಿಗೆ ರಿಟೈರ್ ಆಗಿತ್ತು, ಆ ಭವನದಲ್ಲಿ ಸ್ಟಾಫ್ ರೂಮೂ ಇರಲಿಲ್ಲ. ಆದರೂ ಬಸವೇಶ ತಲೆ ತಗ್ಗಿಸಿ, ಆಗಲಿ ಟೀಚರ್ ಎಂದು ಹೇಳಿ ಮುಂದಿನ ಎಲೆಗೆ ಹೋದ.